ಅಂಕಿ ಕೂಡಿಸಿದ್ರ ಪರಿಪೂರ್ಣ, ಬಿಡಿಸಿದ್ರ ಕೊರತಿ

ಗಿಣಿಗೇರಾದ ಪಿನ್‌ಕೋಡ್ 583228. ಉಕ್ಕಿನ ಕಾರ್ಖಾನೆಗಳ ದೂಳು ಹೊದ್ದು, ಯಾರದೋ ಪಾರ್ಸೆಲ್ ಡಬ್ಬಿಯ ಮೇಲೆ ಕೂತಿದ್ದಾಗ ಸಂದರ್ಶನಕ್ಕೆ ಸಿಕ್ಕಿತು.

ಪ್ರ: ನಿಮ್ಮದು ಯಾವ ಜಿಲ್ಲೆ?

ಉ: ಕೇಳೋರು ಯಾರು ಅನ್ನೋದ್ರ ಮ್ಯಾಲ ಐತ್ರಿ. ಹಳೇ ಕಂದಾಯ ಕಡತದಾಗ ರಾಯಚೂರು. 1997ರಾಗ ಕೊಪ್ಪಳನ ಜಿಲ್ಲಾ ಆತು. ಆದ್ರ ಅಂಚೆಯವ್ರ ಲೆಕ್ಕದಾಗ 583 ಅಂದ್ರ ಬಳ್ಳಾರಿ. ಅದು ಇವತ್ತಿಗೂ ನನ್ನ ತೆಲಿ ಮ್ಯಾಲ ಕುಂತೈತಿ.

ಪ್ರ: ನಿಮಗೆ ರಾಜಯೋಗ ಇದೆಯಂತೆ?

ಉ: ಅಂಕಿ ಕೂಡಿಸಿದ್ರ 28, ಮತ್ತ ಕೂಡಿಸಿದ್ರ 10, ಕಡೀಕ 1. ‘ಸೂರ್ಯನ ಸಂಖ್ಯೆ’ ಅಂತ ಜೋತಿಷಿ ಕುಣೀತಾನ. ಅದು ನನ್ನ 9ರಿಂದ ಭಾಗಿಸಿದ್ರ ಉಳಿಯೋ ಶೇಷ, ಅಷ್ಟ. ಒಂಬತ್ತಕ್ಕೊಂದು ಸಂಖ್ಯೆಗೆ ಆ ಯೋಗ ಐತಿ. ಮಂದಿ ಶೇಷಕ್ಕ ದಕ್ಷಿಣಿ ಕೊಟ್ಟು ಬರ್ತಾರ.

ಪ್ರ: ಹಾಗಾದರೆ ನಿಜವಾದ ಗುಣ?

ಉ: 28 ಐತಲ್ರಿ, ಅದು ಪರಿಪೂರ್ಣ ಸಂಖ್ಯೆ. ಅದರ ಭಾಜಕ 1, 2, 4, 7, 14 ಕೂಡಿಸ್ರಿ, 28ನ ಬರ್ತೈತಿ. ನನ್ನ ಪಾಡು ಹಂಗಲ್ಲ. ನನ್ನ ಬಿಟ್ಟು ನನ್ನ ಭಾಜಕ 1, 2, 4, 145807, 291614. ಎಲ್ಲಾ ಕೂಡಿಸಿದ್ರೂ 437428. ಇನ್ನೂ 145800 ಕೊರತಿ! ತಾಲೂಕುಗಳ ಕೊರತಿ ಅಳೆದು ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಟ್ಟಿತು. ನನ್ನ ಕೊರತಿಗೆ ವಿಶೇಷ ಅನುದಾನ ಯಾರೂ ಕೇಳಿಲ್ಲ.

ಪ್ರ: ಆ 145807 ಯಾರು?

ಉ: ಅವಿಭಾಜ್ಯ. 379ರ ತನಕ ಇರೋ ಅವಿಭಾಜ್ಯ ಎಲ್ಲಾ ಹಚ್ಚಿ ನೋಡ್ರಿ, ಯಾವುದಕ್ಕೂ ಜಗ್ಗೂದಿಲ್ಲ. 8ರಿಂದ ಭಾಗಿಸಿದ್ರ 7 ಉಳೀತೈತಿ. ಅದರ ನಾಕು ಪಟ್ಟು ನಾ. ಇಂಥಾ ಸಂಖ್ಯೆ ಮೂರು ವರ್ಗಗಳ ಮೊತ್ತ ಆಗೂದಿಲ್ಲ ಅಂತ ಲೆಜಾಂಡ್ರ್ ಸಾಹೇಬ್ರ ನಿಯಮ. ನಾಕು ಬೇಕ ಬೇಕು: 763, 31, 7, ಮತ್ತೊಂದು 7. ಇವುಗಳ ವರ್ಗ ಕೂಡಿಸ್ರಿ, ನಾ ಬರ್ತೀನಿ. ಮೂವರು ಸಹಿ ಮಾಡಿದ್ರೂ ನಾಕನೇ ಟೇಬಲ್ಲಿನಾಗ ಕಡತ ನಿಲ್ಲೋ ನಾಡಾಗ ಇದೇನು ದೊಡ್ಡ ಮಾತಲ್ಲ ಬಿಡ್ರಿ.

ಪ್ರ: ನೆರೆಯ ಗಂಗಾವತಿ, 583227, ಹೇಗಿದ್ದಾರೆ?

ಉ: (ಮುಖ ಸಿಂಡರಿಸಿ) ಅವ್ರೇನ್ರಿ, ಭತ್ತದ ಊರವ್ರು. ತನ್ನ ಅಂಕಿಗಳ ಮೊತ್ತದಿಂದ ಶೇಷ ಇಲ್ಲದಂಗ ಭಾಗ ಆಗೋ ಸಂಖ್ಯೆಗೆ ದೇವಳಾಲಿಯ ಸಾಲಿ ಮಾಸ್ತರ ಕಾಪ್ರೇಕರ್ ‘ಹರ್ಷದ’ ಅಂತ ಹೆಸರಿಟ್ರು. ಗಂಗಾವತಿ ಮೊತ್ತ 27. ಇಪ್ಪತ್ತೇಳು 21601ಲೇ ಸರಿಯಾಗಿ 583227. ನನ್ನ 28ರಿಂದ ಭಾಗಿಸ್ರಿ, ಶೇಷ ಉಳೀತೈತಿ. ಒಂದ ಒಂದು ಅಂಕಿ ಆಚೆಗೆ ಹರ್ಷ ಹೋತು.

ಪ್ರ: 2025ರಲ್ಲಿ ಡಿಜಿಪಿನ್ ಬಂದಿದೆ. ನಾಲ್ಕು ಮೀಟರ್ ಚೌಕಕ್ಕೊಂದು, ಹತ್ತು ಅಕ್ಷರ–ಅಂಕಿಗಳ ಸಂಕೇತ. ಹೆದರಿಕೆ ಇಲ್ಲವೇ?

ಉ: ಅಕ್ಷರ ಬೆರೆಸಿದ ಮ್ಯಾಲ ಅದರ ಭಾಜಕ ಹುಡುಕೋರು ಯಾರ್ರಿ? ಬರ್ಲಿ ಬಿಡ್ರಿ. ನಾಕು ಮೀಟರಿನ್ಯಾಗ ನಿಂತ್ರೂ ಕೊರಿಯರ್ ಹುಡುಗ ಫೋನ್ ಹಚ್ಚಿ ಕೇಳೋದು ಒಂದ: ‘ಅಣ್ಣಾರ, ಸ್ಟೇಷನ್ ದಾಟಿ ಎಡಕ್ಕೋ, ಬಲಕ್ಕೋ?’