ಅಪಘಾತವಿಲ್ಲದ ಕ್ವಾರಿ

2025ರವರೆಗೆ ಕಲ್ಲು ಕ್ವಾರಿಗಳೂ 1952ರ ಗಣಿ ಕಾಯ್ದೆಗೆ ಒಳಪಟ್ಟಿದ್ದವು. ಗಂಭೀರ ಪೆಟ್ಟಾದರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಊರಿನ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲಾದರೂ ಕ್ವಾರಿ ಕಾರ್ಮಿಕ ಬಸಣ್ಣ, ಕ್ವಾರಿಯ ಲೆಕ್ಕ ಬರೆಯುವ ರೈಟರ್ ನಡುವೆ ಈ ಕಾಯ್ದೆಯ ಪಾಠ ಹೀಗೆ ನಡೆಯುತ್ತಿತ್ತು.

ಬಸಣ್ಣ: ರೈಟ್ರೇ, ನನ್ ಕಾಲ್ಮೇಲೆ ಕಲ್ಲು ಬಿತ್ತಲ್ರೀ, ರಿಜಿಸ್ಟರ್‌ನಾಗೆ ಬರದ್ರಾ?

ರೈಟರ್: ಬರ್ದೆ. ‘ಬಸಣ್ಣ ರಜಾ’ ಅಂತ.

ಬಸಣ್ಣ: ನಾ ರಜಾ ಕೇಳ್ಲೇ ಇಲ್ಲಲ್ರೀ!

ರೈಟರ್: ನಿನ್ ಕಾಲು ಕೇಳ್ತು.

ಬಸಣ್ಣ: ಹೆಲ್ಮೆಟ್ ಆದ್ರೂ ಕೊಡ್ರೀ.

ರೈಟರ್: ಬೀರುನಾಗೆ ಭದ್ರವಾಗೈತೆ. ಸಾಹೇಬ್ರು ಬಂದ್ ದಿನ ನಿನ್ ತಲೀಗೆ ಬರ್ತೈತೆ. ಕಲ್ಲೂ ಅವತ್ತೇ ಬೀಳ್ಬೇಕು, ಅಷ್ಟೆ.

ಬಸಣ್ಣ: ಕೆಮ್ಮಿಗೆ ಎಕ್ಸ್‌ರೇ ತೆಗ್ಸಿದೆ. ಎದಿ ತುಂಬಾ ಕಲ್ಲಿನ ಧೂಳಂತೆ.

ರೈಟರ್: ಮೆಲ್ಲಗೆ ಹೇಳೋ! ರಾಯಲ್ಟಿ ಕಟ್ದೆ ಕಲ್ಲು ಸಾಗಿಸ್ತಾನೆ ಅಂತ ಕೇಸ್ ಹಾಕ್ಯಾರು.

ಬಸಣ್ಣ: ಪರಿಹಾರದ ಕಾಯ್ದೆ 1923ರಿಂದನೂ ಐತಂತಲ್ರೀ?

ರೈಟರ್: ಐತಪ್ಪಾ. ಅಪಘಾತನೇ ಇಲ್ಲ.

ಬಸಣ್ಣ: ಹಂಗಾರೆ ನಾ ಕುಂಟೋದು?

ರೈಟರ್: ಅದು ನಿನ್ ನಡತೆ!

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಜಿಲ್ಲೆಯ ಹುಣಸೋಡು ಕ್ವಾರಿಯ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಸದ್ದು ಸುತ್ತಲ ಜಿಲ್ಲೆಗಳಿಗೂ ಕೇಳಿಸಿತ್ತು. ಹಾಗಾಗಿ ಅದು ದಾಖಲೆಗೂ ಬಂತು.