ಕೆಳಗೆ ಜೋಗ, ಮೇಲೆ ಕಿಟಕಿ

ಲಿನಕ್ಸ್ ಬಳಸುವವರಲ್ಲಿ ಕೆಲವರಿಗೆ ಒಂದು ಗೀಳಿರುತ್ತದೆ. ಮನೆಯ ಗೋಡೆ ಸುಣ್ಣ ಕಾಣದೆ ವರ್ಷಗಳಾದರೂ ಚಿಂತೆಯಿಲ್ಲ, ಡೆಸ್ಕ್‌ಟಾಪಿನ ವಾಲ್‌ಪೇಪರ್ ಮಾತ್ರ ವಾರಕ್ಕೊಮ್ಮೆ ಬದಲಾಗಬೇಕು. ಗೀಳು ಬಲಿತ ಮೇಲೆ ಚಿತ್ರ ಸುಮ್ಮನೆ ನಿಂತಿದ್ದರೂ ಸಹಿಸಲಾಗದು. ನನ್ನದು ಬಲಿತದ್ದು ಜೋಗದ ವಿಡಿಯೊ ಒಂದು ಕೈಗೆ ಸಿಕ್ಕಿದಾಗ.

ಲಿನಕ್ಸಿನಲ್ಲಿ ಕಿಟಕಿಗಳನ್ನು ತೋರಿಸುವ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಪರದೆಯ ತಳಕ್ಕೆ ‘ರೂಟ್ ವಿಂಡೊ’ ಎಂಬುದೊಂದಿದೆ. ಮಿಕ್ಕ ಕಿಟಕಿಗಳೆಲ್ಲ ಅದರ ಸಂತಾನ. ಎಕ್ಸ್‌ವಿನ್‌ವ್ರ್ಯಾಪ್ ಎಂಬ ಪುಟ್ಟ ತಂತ್ರಾಂಶ ಎಲ್ಲಕ್ಕಿಂತ ಕೆಳಗೆ ಒಂದು ಕಿಟಕಿ ತೆರೆದು, ನಾವು ಹೇಳಿದ ಅಪ್ಲಿಕೇಶನ್ನನ್ನು ಅದರೊಳಗೆ ಓಡಿಸುತ್ತದೆ. ವಿಡಿಯೊ ಪ್ಲೇಯರ್ ಎಂಪಿವಿಗೆ ಆ ಕಿಟಕಿಯ ಸಂಖ್ಯೆ ಕೊಟ್ಟರೆ ವಿಡಿಯೊ ಅಲ್ಲೇ ಶುರು. ಆದರೆ ಕರಾರು ಮೊದಲೇ ಆಗಬೇಕು: ಎಲ್ಲರಿಗಿಂತ ಕೆಳಗಿರು, ಟಾಸ್ಕ್‌ಬಾರಿನಲ್ಲಿ ಮುಖ ತೋರಿಸಬೇಡ, ಮೌಸ್ ತಟ್ಟಿದರೆ ಓಗೊಡಬೇಡ, ಕೀಲಿಮಣೆಯ ತಂಟೆಗೆ ಹೋಗಬೇಡ. ಹಿಂದಿನ ಕಾಲದ ಹೊಸ ಸೊಸೆಗೂ ಇಷ್ಟು ಕಟ್ಟುಪಾಡು ಇರಲಿಲ್ಲ.

ಅಂತೂ ಜೋಗ ಧುಮುಕಿತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಳೆಗಾಲದ ಮದದಲ್ಲಿ. ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದ ಮೇಲೆ ನಿಜವಾದ ಜೋಗ ಬೇಸಗೆಯಲ್ಲಿ ಸೊರಗುತ್ತದೆ. ನನ್ನದು ಏಪ್ರಿಲ್ಲಿನಲ್ಲೂ 253 ಮೀಟರ್ ತುಂಬು ಧಾರೆ. ಡೆಸ್ಕ್‌ಟಾಪಿನ ಐಕಾನುಗಳು ಆ ಧಾರೆಯ ಹಿಂದೆ ಮುಳುಗಿಹೋದವು, ಹೋಗಲಿ. ಭೋರ್ಗರೆತವನ್ನು ಲ್ಯಾಪ್‌ಟಾಪಿನ ಫ್ಯಾನ್ ವಹಿಸಿಕೊಂಡಿತು.

ಹೆಂಡತಿಯನ್ನು ಕರೆದೆ.

“ಎಲ್ಲಿ ರೀ ಜೋಗ? ಬ್ಯಾಂಕಿನ ಪುಟ ಕಾಣ್ತಿದೆ.”

ಅದನ್ನು ಇಳಿಸಿದೆ. ಹಿಂದೆ ಇಮೇಲ್. ಅದನ್ನೂ ಇಳಿಸಿದೆ. ಅದರ ಹಿಂದೆ ಲೆಕ್ಕದ ಹಾಳೆ.

“ಅಂದ್ರೆ ಕೆಲಸ ಮಾಡದೆ ಕೂತಾಗ ಮಾತ್ರ ಕಾಣತ್ತೆ ಅನ್ನಿ. ಹಾಗಿದ್ರೆ ನಿಮಗೆ ದಿನವಿಡೀ ಕಾಣತ್ತೆ ಬಿಡಿ,” ಎಂದು ಒಳಗೆ ಹೋದಳು.

ಮಾತು ನಾಟಿತು. ಈ ಜಾತಿಯ ವಾಲ್‌ಪೇಪರುಗಳಿಗೆಲ್ಲ ಇದೇ ಗ್ರಹಚಾರ. ಎಕ್ಸ್‌ಫಿಶ್‌ಟ್ಯಾಂಕಿನ ಮೀನುಗಳು ಬ್ರೌಸರಿನ ಕೆಳಗೆ ಈಜುತ್ತಿರುತ್ತವೆ, ಯಾರಿಗೂ ಕಾಣದೆ. ಜೇಮಿ ಜವಿನ್ಸ್ಕಿ 1992ರಲ್ಲಿ ಹೊರತಂದ ಎಕ್ಸ್‌ಸ್ಕ್ರೀನ್‌ಸೇವರಿನ ಆಟಗಳನ್ನೂ ರೂಟ್ ವಿಂಡೊದಲ್ಲಿ ಕುಣಿಸಬಹುದು, ನೋಡುವವರಿಲ್ಲ. ಕೆಲವರಂತೂ ಎಚ್‌ಟಾಪನ್ನೇ ಹಿನ್ನೆಲೆಗೆ ಹಾಕುತ್ತಾರೆ. ಸಿಪಿಯು ಎಷ್ಟು ದುಡಿಯುತ್ತಿದೆ ಎಂದು ತಿಳಿಯಲು ಅದನ್ನು ಇನ್ನಷ್ಟು ದುಡಿಸುವ ಏರ್ಪಾಡು! ಎಕ್ಸ್ ಬದಲಿಗೆ ಈಗ ಬಂದಿರುವ ವೇಲ್ಯಾಂಡಿನಲ್ಲಿ ಹೀಗೆ ತಳ ಸೇರಲು ‘ಲೇಯರ್ ಶೆಲ್’ ಎಂಬ ಒಪ್ಪಂದ ಬೇಕು. ಅಲ್ಲಿ ವಿಡಿಯೊ ವಾಲ್‌ಪೇಪರ್ ಹಾಕುವ ಎಂಪಿವಿಪೇಪರ್ ನಡೆಯುವುದು ಅದರಿಂದಲೇ. ಡೆಸ್ಕ್‌ಟಾಪುಗಳಲ್ಲಿ ಕೆಡಿಇ ಆ ಒಪ್ಪಂದವನ್ನು ಒಪ್ಪಿದೆ, ಗ್ನೋಮ್ ಒಪ್ಪಿಲ್ಲ.

ನನ್ನ ಕೇಳಿದರೆ ಈ ಕಲೆಯ ಶಿಖರ ಎಕ್ಸ್‌ರೋಚ್. ಹಳೆಯ ಕಾಲದ ಈ ತಂತ್ರಾಂಶ ಪರದೆಯ ಮೇಲೆ ಜಿರಲೆ ಬಿಡುತ್ತದೆ. ಅವು ಕಿಟಕಿಗಳ ಅಡಿಯಲ್ಲಿ ಅಡಗುತ್ತವೆ. ಕಿಟಕಿ ಸರಿಸಿದರೆ ಚೆಲ್ಲಾಪಿಲ್ಲಿಯಾಗಿ ಓಡಿ ಇನ್ನೊಂದರ ಕೆಳಗೆ ತೂರಿಕೊಳ್ಳುತ್ತವೆ. ಜೋಗಕ್ಕೂ ಮೀನಿಗೂ ಖಾಲಿ ಪರದೆ ಬೇಕು. ಮೇಲೆ ಕಿಟಕಿ ಕವಿದಷ್ಟೂ ಸೊಗಸಾಗುವ ವಾಲ್‌ಪೇಪರ್ ನಾನು ಕಂಡಂತೆ ಜಿರಲೆಯೊಂದೇ.