ನಿವೇಶನ ಮೀಮಾಂಸೆ: ದಕ್ಷಿಣ ಬೆಂಗಳೂರಿನಲ್ಲಿ ವಾಸ ಮತ್ತು ಲಾಭಗಳ ವಿರೋಧವನ್ನು ಕುರಿತು

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟುಗಳಲ್ಲಿರುವ ಮೂವತ್ತು-ನಲವತ್ತರ ಸೈಟು, ಅದರ ಮೇಲಿನ ಮನೆ, ಆ ಮನೆಯ ಮೇಲಿನ ಸಾಲ. ಪ್ರಯೋಜನ: ಮಕ್ಕಳಿಗೆ ಏನೋ ಒಂದು ಮಾಡಿಟ್ಟ ಹಾಗಾಯಿತು. ಸಂಬಂಧ: ಅತ್ತಿಗೆಯ ತಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದಾನೆ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾದವನು. ವೇದಾಂತಿಗಳು ಶಮ, ದಮ, ವೈರಾಗ್ಯ ಎಲ್ಲವನ್ನೂ ಕೇಳುತ್ತಾರೆ. ನಾವು ಸಿಬಿಲ್ ಸ್ಕೋರು ಮತ್ತು ಹೆಂಡತಿಯ ಸಂಬಳದ ಚೀಟಿ ಇಷ್ಟನ್ನೇ ಕೇಳುತ್ತೇವೆ. ಇಪ್ಪತ್ತು ವರ್ಷದ ಇ.ಎಂ.ಐ. ತೀರುವಷ್ಟರಲ್ಲಿ ವೈರಾಗ್ಯ ತಾನಾಗಿ ಬರುತ್ತದೆ.

ಮೊದಲು ವಸ್ತುವಿನ ಲಕ್ಷಣ. ರೈತನ ಲೆಕ್ಕದಲ್ಲಿ ಒಂದು ಗುಂಟೆಯೆಂದರೆ 33 ಅಡಿಗೆ 33 ಅಡಿ, 1089 ಚದರಡಿ. ನಮ್ಮ ಸೈಟು 1200 ಚದರಡಿ, ಒಂದು ಗುಂಟೆಯ ಮೇಲೆ ಚಿಲ್ಲರೆ. ನಲವತ್ತು ಗುಂಟೆಯ ಎಕರೆ ಇಟ್ಟುಕೊಂಡು ಸಾರಕ್ಕಿಯಲ್ಲಿ ರಾಗಿ ಬಿತ್ತುತ್ತಿದ್ದವನನ್ನು ಜಗತ್ತು ಬಡರೈತ ಎಂದಿತು. ಅದರಲ್ಲೊಂದು ಗುಂಟೆ ಇಟ್ಟುಕೊಂಡವನನ್ನು ಇಂದು ಕೋಟ್ಯಧೀಶ ಎನ್ನುತ್ತದೆ. ಖಾಸಗಿ ಬಡಾವಣೆಯಾದರೆ ಇದಕ್ಕೆ ಭೂಪರಿವರ್ತನೆ ಎಂಬ ಆದೇಶವೇ ಉಂಟು: ಇನ್ನು ಇಲ್ಲಿ ಏನೂ ಬೆಳೆಯುವುದಿಲ್ಲವೆಂದು ಜಿಲ್ಲಾಧಿಕಾರಿಗಳು ಸಹಿ ಹಾಕಿದ ದಿನದಿಂದ ಬೆಲೆ ಬೆಳೆಯತೊಡಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ನುಂಗಿದ ಬಡಾವಣೆ ಊರಿಗೊಂದರಂತೆ ಇಂಗ್ಲಿಷ್ ಅಕ್ಷರವನ್ನು ಪರಿಹಾರವಾಗಿ ಬಿಟ್ಟುಕೊಟ್ಟು ಬಿ.ಟಿ.ಎಂ. ಎನ್ನಿಸಿಕೊಂಡಿತು.

ದಿಕ್ಕಿನ ಪ್ರಕರಣದಲ್ಲಿ ಒಂದು ತೊಡಕಿದೆ. ವಾಸ್ತುವಿನ ಪ್ರಕಾರ ಉತ್ತರ ಕುಬೇರನದು, ದಕ್ಷಿಣ ಯಮನದು. ಆದ್ದರಿಂದ ದಕ್ಷಿಣಕ್ಕೆ ಬಾಗಿಲು ಬರುವ ಸೈಟನ್ನು ಬನಶಂಕರಿಯಲ್ಲಿ ಪುಕ್ಕಟೆ ಕೊಟ್ಟರೂ ಬೇಡವೆನ್ನುವವರಿದ್ದಾರೆ. (ಪುಕ್ಕಟೆ ಕೊಟ್ಟು ನೋಡಿದವರು ಮಾತ್ರ ಇಲ್ಲ.) ಇದೇ ಜನಕ್ಕೆ ಊರಿನೊಳಗೆ ಮನೆ ಬೇಕಾಗಿರುವುದು ಯಮನ ಭಾಗದಲ್ಲೇ. 2008ರಲ್ಲಿ ಕುಬೇರನ ಕಡೆಗೆ, ದೇವನಹಳ್ಳಿಗೆ, ವಿಮಾನ ನಿಲ್ದಾಣವೇ ಬಂದಿಳಿಯಿತು. ಜಯನಗರದವರು ಅಲುಗಾಡಲಿಲ್ಲ, ಮಕ್ಕಳನ್ನು ವಿಮಾನ ಹತ್ತಿಸಿ ವಾಪಸು ಬಂದರು.

ಇದಕ್ಕೆ ಪರಿಹಾರ ಹೀಗಿದೆ: ಬಾಗಿಲಿನ ದಕ್ಷಿಣ ಸ್ಥಿರ, ಊರಿನ ದಕ್ಷಿಣ ಚರ. 1948ರಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟ ಕಾಲದಲ್ಲಿ ಬೆಂಗಳೂರಿನ ದಕ್ಷಿಣ ಸೌತ್ ಎಂಡ್ ಸರ್ಕಲ್ಲಿನಲ್ಲಿ ಪ್ರಾಮಾಣಿಕವಾಗಿ ಮುಗಿಯುತ್ತಿತ್ತು. ಆಮೇಲೆ ಅದು ಕಾಲು ಕಿತ್ತಿತು. ಬನಶಂಕರಿಯ ಆರು ಸ್ಟೇಜು, ಜೆ.ಪಿ. ನಗರದ ಒಂಬತ್ತು ಫೇಸು ದಾಟಿತು. 2017ರಲ್ಲಿ ಮೆಟ್ರೋ ಯಲಚೇನಹಳ್ಳಿಯಲ್ಲಿ ಹಿಡಿಯಲು ನೋಡಿತು, ಸಿಗಲಿಲ್ಲ. 2021ರಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೂ ಅಟ್ಟಿಸಿಕೊಂಡು ಹೋಯಿತು. 2025ರಲ್ಲಿ ಸರ್ಕಾರ ಸೋತು ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಚನ್ನಪಟ್ಟಣದ ಬೊಂಬೆಗಳಿಗೂ ಈಗ ಬೆಂಗಳೂರಿನ ವಿಳಾಸ. ಹೀಗಾಗಿ ಜಯನಗರ ನಾಲ್ಕನೇ ಬ್ಲಾಕು, ಶಾಸ್ತ್ರೀಯವಾಗಿ ನೋಡಿದರೆ, ಬೆಂಗಳೂರು ದಕ್ಷಿಣದ ಉತ್ತರಕ್ಕಿದೆ. ಕುಬೇರನೇ ಬಂದು ಕೂತ ಮೇಲೆ ಬೆಲೆ ಇಳಿಯುವುದಾದರೂ ಹೇಗೆ?

ಪ್ರಮಾಣ ಪ್ರಕರಣ ಈ ಶಾಸ್ತ್ರದ ಜೀವಾಳ. ಪ್ರತ್ಯಕ್ಷಕ್ಕೆ ಇಲ್ಲಿ ಕಿಮ್ಮತ್ತಿಲ್ಲ. ಸೈಟು ಕಣ್ಣೆದುರಿಗಿದೆ, ಸುತ್ತ ಕಾಂಪೌಂಡಿದೆ, ಒಳಗೆ ತೆಂಗಿನಮರವಿದೆ, ಅದರ ನೆರಳಿನಲ್ಲಿ ಯಜಮಾನರು ಪೇಪರು ಓದುತ್ತ ಕೂತಿದ್ದಾರೆ. ಲಾಯರ ದೃಷ್ಟಿಯಲ್ಲಿ ಇದಿಷ್ಟೂ ಭ್ರಾಂತಿ. ಅನುಮಾನಕ್ಕಂತೂ ಕೊರತೆಯೇ ಇಲ್ಲ. ಉಳಿದದ್ದು ಶಬ್ದಪ್ರಮಾಣ ಒಂದೇ, ಅದೂ ಸ್ಟ್ಯಾಂಪ್ ಪೇಪರಿನ ಮೇಲಿನದು. ಶಿಷ್ಯನು ದಾಖಲೆಗಳ ಕವರು ಹಿಡಿದು ಗುರುವಿನ ಬಳಿ ಹೋಗುತ್ತಾನೆ.

"ಸಾರ್, ಖಾತಾ ನನ್ನ ಹೆಸರಿಗಿದೆ. ಮನೆ ನಂದೇ ತಾನೇ?"

"ಖಾತಾ ಕಂದಾಯ ಕಟ್ಟೋಕೆ ಕಣ್ರೀ. ಅದು ಟೈಟಲ್ ಅಲ್ಲ."

"ಮೂವತ್ತು ವರ್ಷದ ಕಂದಾಯದ ರಸೀದಿ ಇದೆ ಸಾರ್."

"ಅದೂ ಅಲ್ಲ."

"ಇ.ಸಿ. ಕ್ಲೀನಾಗಿ ಬಂದಿದೆ."

"ರಿಜಿಸ್ಟರ್ ಆಗಿದ್ದು ಅದರಲ್ಲಿ ಕಾಣುತ್ತೆ. ಆಗದೇ ಇರೋದು ಎಲ್ಲಿ ಕಾಣುತ್ತೆ? ಮದರ್ ಡೀಡ್ ತಗೊಂಡ್ ಬನ್ನಿ, ನೋಡೋಣ."

ಉಪನಿಷತ್ತಿನ ನೇತಿ ನೇತಿ ಇದೇ ಜಾಡಿನದು. ಇಷ್ಟು ಹೇಳುವುದಕ್ಕೆ ಫೀಸು ಯಾಕೆಂದು ಶಿಷ್ಯ ಗೊಣಗಬಾರದು. ಯಾಜ್ಞವಲ್ಕ್ಯರೂ ಜನಕನ ಸಭೆಯಿಂದ ಸಾವಿರ ಹಸು ಹೊಡೆಸಿಕೊಂಡು ಹೋದವರೇ.

ಇಲ್ಲೇ ಬಿ ಖಾತಾದ ತತ್ತ್ವವನ್ನೂ ನೋಡಬೇಕು. 2007ರಲ್ಲಿ ಮಹಾನಗರ ಪಾಲಿಕೆ ಬೃಹತ್ ಆದಾಗ 110 ಹಳ್ಳಿಗಳು ಒಳಕ್ಕೆ ಬಂದವು, ಜೊತೆಗೆ ನಕ್ಷೆಯ ಮಂಜೂರಾತಿಯಿಲ್ಲದ ಮನೆಗಳೂ ಬಂದವು. ಅವುಗಳನ್ನು ಒಪ್ಪಲು ಕಾನೂನಿಲ್ಲ, ಅವುಗಳ ಕಂದಾಯ ಬಿಡಲು ಮನಸ್ಸಿಲ್ಲ. ಶಂಕರರ ಅನುಯಾಯಿಗಳು ಮಾಯೆಯನ್ನು ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ ಎಂದರಲ್ಲ, ಪಾಲಿಕೆ ಅದಕ್ಕೊಂದು ರಿಜಿಸ್ಟರು ತೆರೆಯಿತು. ಬಿ ಖಾತೆಯ ಮನೆ ಇದೆ ಎಂದರೆ ಬ್ಯಾಂಕಿನವರು ಒಪ್ಪುವುದಿಲ್ಲ, ಇಲ್ಲ ಎಂದರೆ ಕಂದಾಯದವರು ಒಪ್ಪುವುದಿಲ್ಲ. ಅಕ್ರಮ-ಸಕ್ರಮ ಎಂಬ ಮೋಕ್ಷಮಾರ್ಗಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. 2025ರ ನವೆಂಬರಿನಲ್ಲಿ ಇನ್ನೊಂದು ದಾರಿ ತೆರೆಯಿತು. ಜ್ಞಾನದಿಂದ ಮಾಯೆ ಕರಗುತ್ತದೆ ಎಂಬುದು ಅದ್ವೈತಿಗಳ ಮತ. ಮಾರ್ಗಸೂಚಿ ದರದ ನೂರಕ್ಕೆ ಐದು ಕಟ್ಟಿದರೆ ಕರಗಿ ಎ ಖಾತಾ ಆಗುತ್ತದೆ ಎಂಬುದು ಆಗ ಸರ್ಕಾರ ಸಾರಿದ ಮತ. ಎರಡನೆಯದರಲ್ಲಿ ಕನಿಷ್ಠ ರಸೀದಿ ಸಿಗುತ್ತದೆ. ಇನ್ನು ಕೈಯಲ್ಲಿರುವ ಕಾಗದವನ್ನೂ ನಂಬದ ಪಂಥ 2024ರ ಅಕ್ಟೋಬರಿನಲ್ಲಿ ಹುಟ್ಟಿತು: ಅಂದಿನಿಂದ ಇ-ಖಾತಾ ಇಲ್ಲದೆ ನೋಂದಣಿಯಿಲ್ಲ. ಪರಬ್ರಹ್ಮ ಸರ್ವರ್‌ನಲ್ಲಿದೆ, ಸರ್ವರ್ ಡೌನ್ ಇದೆ.

ತಾರತಮ್ಯ ಪ್ರಕರಣವನ್ನು ಬೇಗ ಮುಗಿಸುತ್ತೇವೆ, ನೆಂಟರು ಓದುವ ಸಾಧ್ಯತೆಯಿದೆ. ಜಯನಗರದವರಿಗೆ ಜೆ.ಪಿ. ನಗರ ಕೊಂಚ ಈಚಿನದು, ಜೆ.ಪಿ. ನಗರದ ಎರಡನೇ ಫೇಸಿನವರು ರಂಗಶಂಕರದಿಂದ ನಡೆದೇ ಮನೆ ಸೇರಬಲ್ಲ ಕಾರಣ ಎಂಟನೇ ಫೇಸಿನವರನ್ನು ಕನಿಕರದಿಂದ ನೋಡುತ್ತಾರೆ. ಬನಶಂಕರಿ ಮೂರನೇ ಸ್ಟೇಜು ಮೂರನೇ ಫೇಸು ಮೂರನೇ ಬ್ಲಾಕಿನವರು ವಿಳಾಸ ಹೇಳಿ ಮುಗಿಸುವಷ್ಟರಲ್ಲಿ ಕೊರಿಯರ್ ಹುಡುಗ ಹೊರಟುಹೋಗಿರುತ್ತಾನೆ. ನೀರಿನಲ್ಲಿ ಮೂರು ಜಾತಿ: ಕಾವೇರಿ, ಬೋರು, ಟ್ಯಾಂಕರು. ಕಾವೇರಿ 1974ರಿಂದ ತೊರೆಕಾಡನಹಳ್ಳಿಯಲ್ಲಿ ಪಂಪು ಹತ್ತಿ ಸುಮಾರು ನೂರು ಕಿಲೋಮೀಟರು ಬರುತ್ತಾಳೆ; ಆದರೂ ಬಾಡಿಗೆ ಬೋರ್ಡಿನಲ್ಲಿ ಅವಳ ಹೆಸರು ವೆಜಿಟೇರಿಯನ್ಸ್ ಓನ್ಲಿಯ ಕೆಳಗೆ. ಬಾಡಿಗೆದಾರರ ಸಂದರ್ಶನದಲ್ಲಿ ಮಾಲೀಕರು ಜಾತಿ ಕೇಳುವಷ್ಟು ಹಿಂದುಳಿದವರಲ್ಲ. "ನಿಮ್ಮದು ಯಾವ ಕಡೆ ಆಯ್ತು?" ಎನ್ನುತ್ತಾರೆ. ಹಾಸನ ಎಂದು ಉತ್ತರಿಸಿದವನಿಗೆ ಈ ಶಾಸ್ತ್ರದ ಗಂಧವೇ ಇಲ್ಲ; ಅದೇ ಪ್ರಶ್ನೆ ಇನ್ನೆರಡು ಸಲ, ಮನೆದೇವರಿನ ಮೂಲಕ ಒಮ್ಮೆ, ಅಡುಗೆಮನೆಯ ಮೂಲಕ ಇನ್ನೊಮ್ಮೆ, ಸುತ್ತಿ ಬರುತ್ತದೆ. ಹತ್ತು ತಿಂಗಳ ಅಡ್ವಾನ್ಸಿನ ವಿಚಾರಕ್ಕೆ ಬಂದಾಗ ಮಾತ್ರ ಸರ್ವಧರ್ಮ ಸಮಭಾವ.

ಈಗ ಮುಖ್ಯ ವಾದ. ಪೂರ್ವಪಕ್ಷ ಬ್ರೋಕರುಗಳದು. ಅವರ ಪ್ರಕಾರ ಮನೆಯೆಂಬುದು ಇರುವುದಕ್ಕೆ ಇರುವುದೂ ಹೌದು, ಬೆಳೆಯುವುದಕ್ಕೆ ಇರುವ ದುಡ್ಡೂ ಹೌದು. ಒಂದೇ ಸೈಟಿನಲ್ಲಿ ಎರಡೂ ಫಲ. "ಈಗ ತಗೊಂಡ್ರೆ ತಗೊಂಡ್ರಿ ಸಾರ್, ಮೆಟ್ರೋ ಹಳದಿ ಲೈನ್ ಬೇರೆ ಬಂತು." ನಮ್ಮ ಸಿದ್ಧಾಂತ ಬೇರೆ: ವಾಸ ಮತ್ತು ಲಾಭ ಒಂದೇ ಕಾಲದಲ್ಲಿ ಒಬ್ಬನಲ್ಲಿ ನಿಲ್ಲಲಾರವು.

ಉದಾಹರಣೆಗೆ ತರ್ಕಶಾಸ್ತ್ರದವರ ಖಾಯಂ ಗಿರಾಕಿ ದೇವದತ್ತನನ್ನೇ ಕರೆಯೋಣ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕೆಂದು ಮೀಮಾಂಸಕರು ಊಹಿಸಿದರು; ಅದಕ್ಕೆ ಅರ್ಥಾಪತ್ತಿ ಎಂದು ಹೆಸರು. ನಮ್ಮ ದೇವದತ್ತರು ಬ್ಯಾಂಕಿನಿಂದ ನಿವೃತ್ತರು, ಬಿಡಿಎ ಸೈಟು, ಲೀಸ್ ಕಮ್ ಸೇಲ್ ಮುಗಿಸಿ ಶುದ್ಧ ಕ್ರಯಪತ್ರವಾಗಿದೆ. ಕೋಟಿಗಟ್ಟಲೆ ಆಸ್ತಿಯಿದ್ದೂ ಅವರು ಆಟೋ ಹತ್ತುವುದಿಲ್ಲ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಬದನೆಕಾಯಿಗೆ ಐದು ರೂಪಾಯಿ ಕಡಿಮೆ ಮಾಡಿಸಲು ಹತ್ತು ನಿಮಿಷ ನಿಲ್ಲುತ್ತಾರೆ. ಇದರಿಂದ ಅರ್ಥಾಪತ್ತಿಯ ಮೂಲಕ ತಿಳಿಯುವುದೇನು? ಅವರು ಆ ಆಸ್ತಿಯಲ್ಲಿ ವಾಸವಿದ್ದಾರೆ. ಅವರ ಈಸಿಚೇರು ಹಿಡಿದಿರುವ ನೆಲದ ಬೆಲೆಯ ಪಕ್ಕದಲ್ಲಿ ಅವರ ಪಿಂಚಣಿ ತಲೆಯೆತ್ತಿ ನಿಲ್ಲಲಾರದು, ಆದರೆ ಆ ನೆಲವನ್ನು ಚೂರು ಕೆತ್ತಿ ಕೊಟ್ಟು ಮಾತ್ರೆ ತರಲಾಗುವುದಿಲ್ಲ. ಬೆಲೆ ಏರಿದಾಗ ಅವರ ಕೈಗೆ ಬರುವುದು ಆಸ್ತಿ ತೆರಿಗೆಯ ಚಲನ್ನು. ಮೇಲಿನ ಮನೆ ಬಾಡಿಗೆಗೆ ಕೊಟ್ಟರೆ, ಮನೆಯ ಬೆಲೆಗೆ ಹೋಲಿಸಿದಾಗ ಆ ಬಾಡಿಗೆ ಅವರದೇ ಹಳೆಯ ಬ್ಯಾಂಕಿನ ಠೇವಣಿ ಬಡ್ಡಿಗಿಂತ ಕೆಳಗೆ. ಮಾರಿಬಿಡಿ ಎಂದರೆ ಎಲ್ಲಿಗೆ ಹೋಗುವುದು? ಮಾರಿದರೆ ದುಡ್ಡು ಬರುತ್ತದೆ; ಐದನೇ ಬ್ಲಾಕಿನ ರಾಯರ ಮಠ, ಬೆಳಗಿನ ವಾಕಿಂಗ್ ಗೆಳೆಯರು, ಸಾಲದ ಲೆಕ್ಕ ಬರೆದುಕೊಳ್ಳುವ ಅಂಗಡಿ ಜೊತೆಗೆ ಬರುವುದಿಲ್ಲ. ಹೊಸದನ್ನು ಕೊಳ್ಳಲು ಹೋದರೆ ನೂರಕ್ಕೆ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು ಸರ್ಚಾರ್ಜು, 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆದ ನೋಂದಣಿ ಶುಲ್ಕ. ಲೆಕ್ಕ ಬಲ್ಲವರಾದ್ದರಿಂದಲೇ ದೇವದತ್ತರು ಕೂತಲ್ಲಿಂದ ಏಳುವುದಿಲ್ಲ.

ವಿಪರೀತ ನಿದರ್ಶನವೂ ಬೇಕಲ್ಲ, ಅವರ ಹಿರಿಯ ಮಗ. ಅಮೆರಿಕದಲ್ಲಿದ್ದುಕೊಂಡು ಜೆ.ಪಿ. ನಗರ ಏಳನೇ ಫೇಸಿನಲ್ಲಿ ಹದಿನಾಲ್ಕನೇ ಮಹಡಿಯ ಫ್ಲ್ಯಾಟು ತೆಗೆದ. ಗೃಹಪ್ರವೇಶದ ಹಾಲು ಉಕ್ಕಿದ ಒಲೆಯ ಸ್ಟಿಕ್ಕರು ಇನ್ನೂ ಕಿತ್ತಿಲ್ಲ. ಬೆಲೆ ಏರುತ್ತಿದೆ, ಪೂರಾ ಅವನಿಗೇ ಸಲ್ಲುತ್ತದೆ, ಯಾಕೆಂದರೆ ಅವನು ಅಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಬಿ.ಟಿ.ಎಂ.ನಲ್ಲಿ ಇಪ್ಪತ್ತು-ಮೂವತ್ತರ ಸೈಟಿನ ಮೇಲೆ ಐದಂತಸ್ತಿನ ಪಿ.ಜಿ. ಎಬ್ಬಿಸಿದವರೂ ಇದೇ ವರ್ಗ: ಅಲ್ಲಿ ನಾಲ್ಕು ಮಂಚದ ಕೋಣೆಯಲ್ಲಿರುವ ಸಾಫ್ಟ್‌ವೇರ್ ಹುಡುಗರಿಗೆ ವಾಸವಿದೆ, ಕನಕಪುರ ರಸ್ತೆಯ ತೋಟದಲ್ಲಿರುವ ಮಾಲೀಕರಿಗೆ ಲಾಭವಿದೆ.

ವಾಸವೂ ಇಲ್ಲದ, ಲಾಭವೂ ಇಲ್ಲದ ಮೂರನೆಯ ಸ್ಥಿತಿಯೊಂದಿದೆ, ಅದನ್ನು ಪೂರ್ವಸೂರಿಗಳು ಗಮನಿಸಿಲ್ಲ. ದೇವದತ್ತರು ತೀರಿಕೊಂಡ ಮೇಲಿನ ಮಾತು. ಉಯಿಲು ಬರೆದಿಡದ ಮನೆ ಸ್ವಯಾರ್ಜಿತವಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ ಮಕ್ಕಳಿಗೆಲ್ಲ ಸಮಪಾಲು. ಪಿತ್ರಾರ್ಜಿತವಾದರೂ ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಹೆಣ್ಣುಮಕ್ಕಳಿಗೆ ಹಕ್ಕು ಬಂದಿದೆ. ಕಾನೂನು ಇಷ್ಟು ಸ್ಪಷ್ಟವಾಗಿರುವುದರಿಂದಲೇ ಕೇಸು ಹೂಡದೆ ವಿಧಿಯಿಲ್ಲ. ಬಿಲ್ಡರಿಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಡೋಣವೆಂದು ಹಿರಿಯ ಮಗ, ಈಶಾನ್ಯದ ಫ್ಲ್ಯಾಟು ತನಗಾದರೆ ಮಾತ್ರ ಸಹಿಯೆಂದು ಮಗಳು, ಅಪ್ಪನನ್ನು ಕೊನೆಗಾಲದಲ್ಲಿ ನೋಡಿಕೊಂಡವನು ತಾನೆಂದು ಕಿರಿಯವನು.

ಜಯನಗರದಲ್ಲಿ ನಡೆಯುತ್ತ ಹೋಗುವ ಸಂಶೋಧಕನಿಗೆ ಸಾಲು ಅಪಾರ್ಟ್‌ಮೆಂಟುಗಳ ನಡುವೆ ಒಂದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ, ಜಾಲರಿಯ ಕಿಟಕಿ, ಅಂಗಳ ತುಂಬ ನೆರಳು ಕಂಡರೆ, ಪರಂಪರೆಯ ಮೇಲಿನ ಪ್ರೀತಿ ಎಂದು ತಪ್ಪು ತಿಳಿಯಬಾರದು. ಗೇಟಿನ ಬೋರ್ಡು ಓದಬೇಕು: ಈ ಸ್ವತ್ತಿನ ಮೇಲೆ ದಾವೆಯಿದೆ, ಯಾರೂ ಕೊಳ್ಳತಕ್ಕದ್ದಲ್ಲ. ಹಳೆಯ ಜಯನಗರವನ್ನು ಉಳಿಸುವುದರಲ್ಲಿ ಒಡಹುಟ್ಟಿದವರ ಜಗಳ ಮಾಡಿದಷ್ಟು ಕೆಲಸವನ್ನು ಯಾವ ಸಂರಕ್ಷಣಾ ಸಮಿತಿಯೂ ಮಾಡಿಲ್ಲವೆಂಬುದು ನಮ್ಮ ಅಭಿಪ್ರಾಯ. ದೇವದತ್ತರ ಮನೆಯಲ್ಲೂ ಹಾಗೆಯೇ. ಸಿಟಿ ಸಿವಿಲ್ ಕೋರ್ಟಿನಲ್ಲಿ ವಾಯಿದೆ ಬಿದ್ದಷ್ಟು ಸಲ ಹಿತ್ತಲಿನ ಮಾವು ಇನ್ನೊಂದು ಫಸಲಿಗೆ ಉಳಿದುಕೊಳ್ಳುತ್ತದೆ. ಆ ಹಣ್ಣು ಯಾರ ಪಾಲಿಗೆ ಸೇರಬೇಕೆಂದು ಕಿರಿಯವನು ಹೋದ ವಾಯಿದೆಯಲ್ಲಿ ಒಂದು ಮಧ್ಯಂತರ ಅರ್ಜಿ ಹಾಕಿದ್ದಾನೆ. ತಕರಾರು ಸಲ್ಲಿಸಲು ಅಕ್ಕ ಕಾಲಾವಕಾಶ ಕೇಳಿದ್ದಾಳೆ.